ಟ್ಯಾಪೆಟ್ ಸದ್ದು

ಗ್ಯಾರೇಜಿನ ಹಿಂದಿನ ಮನೆ,
ಹದಿನೇಳನೇ ತಾರೀಕು, ಗುರುವಾರ ಮಧ್ಯಾಹ್ನ.

ಪ್ರೀತಿಯ ಗುಂಡಾ,

ಮೊದಲು ನಿನ್ನ ಕೈ ಹೇಗಿದೆ ಹೇಳು. ಚಳಿ ಬಿದ್ದರೆ ಆ ಎರಡು ಬೆರಳು ಸೆಟೆದುಕೊಳ್ಳುತ್ತವೆ ಅಂದಿದ್ದೆ. ಬಿಸಿನೀರಿನಲ್ಲಿ ಅದ್ದಿಟ್ಟುಕೊಳ್ಳುತ್ತಿದ್ದೀಯೋ, ಸೋಮಾರಿತನಕ್ಕೆ ಹಾಗೇ ಬಿಟ್ಟಿದ್ದೀಯೋ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಗುಂಡ ಅಂತ ಕರೆಸಿಕೊಂಡು ಒಣಕಡ್ಡಿಯ ಹಾಗೆ ಓಡಾಡುವವನು ಈ ಪ್ರಪಂಚದಲ್ಲಿ ನೀನೊಬ್ಬನೇ ಇರಬೇಕು. ಬಸ್ ಡಿಪೋದ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿಕೊಡುವ ಕೆಲಸ ಬೇಜಾರು ಅಂತ ಯಾರ ಹತ್ತಿರವೋ ಹೇಳಿದೆಯಂತೆ, ಸುದ್ದಿ ಇಲ್ಲಿಗೂ ಬಂತು. ಇಲ್ಲಿ ನಾವು ಮೂವರೂ ಮೇಲ್ನೋಟಕ್ಕೆ ಚೆನ್ನಾಗಿದ್ದೇವೆ. ಮಗಳು ನನ್ನ ಹೆಗಲು ದಾಟಿ ಬೆಳೆದಿದ್ದಾಳೆ. ಮಾತು ಮಾತ್ರ ಬಾಯೊಳಗೇ ಆಡುತ್ತಾಳೆ, ಅದಕ್ಕೆ ಅವರಪ್ಪನ ಹತ್ತಿರ ದಿನಾ ಬೈಸಿಕೊಳ್ಳುತ್ತಾಳೆ.

ಈ ಪತ್ರ ಉದ್ದ ಆಗುತ್ತದೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಿಮ್ಮಣ್ಣನ ಹೆಸರು ಬಂದ ಕೂಡಲೇ “ಯಾರೋ ಕರೀತಿದಾರೆ ಅತ್ತಿಗೆ” ಅಂತ ಇಟ್ಟುಬಿಡುತ್ತೀಯ. ಆ ಡಿಪೋದಲ್ಲಿ ನಿನ್ನನ್ನು ಅಷ್ಟೊಂದು ಜನ ಯಾಕಪ್ಪಾ ಕರೆಯುತ್ತಾರೆ? ಕಾಗದವಾದರೆ ನಡುವೆ ಬಾಯಿ ಮುಚ್ಚಿಸಲು ಆಗುವುದಿಲ್ಲ. ಹರಿದು ಹಾಕಬಹುದು ನಿಜ, ಆದರೆ ಅತ್ತಿಗೆಯ ಕಾಗದ ಹರಿಯುವಷ್ಟು ಕಲ್ಲೆದೆ ನಿನಗಿಲ್ಲ ಅಂತ ನಂಬಿದ್ದೇನೆ. ಒಂದು ಕಡೆ ಕೂತುಕೊಂಡು ಕೊನೆಯವರೆಗೂ ಓದು.

ಎರಡು ವರ್ಷದ ಹಿಂದಿನ ಆ ಬೆಳಿಗ್ಗೆಯ ವಿಷಯವನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿಲ್ಲ. ಇವತ್ತು ನಾನು ಆಡುತ್ತೇನೆ. ಅವತ್ತು ನೀನೂ ನಿಮ್ಮಣ್ಣನೂ ಎದ್ದಾಗಿನಿಂದ ಕಿತ್ತಾಡುತ್ತಿದ್ದಿರಿ, ಯಾವುದೋ ವ್ಯಾನಿನ ಎಂಜಿನ್ ಪೂರ್ತಿ ಬಿಚ್ಚಬೇಕೋ ಬೇಡವೋ ಅಂತ. ಆಮೇಲೆ ಅವರು ಸೀಟಿನಲ್ಲಿ ಕೂತರು, ನೀನು ಬಾನೆಟ್ ಕೆಳಗೆ ತಲೆ ಹಾಕಿದೆ. ನೀನು ‘ಹೊಡಿ’ ಅಂದಾಗ ಅವರು ಕೀಲಿ ತಿರುಗಿಸಿ ಸೆಲ್ಫ್ ಹೊಡೆಯುವುದು, ಎಂಜಿನ್ ಒಂದಿಷ್ಟು ಹೊರಳುವುದು, ನೀನು ನೋಡಿ ಸರಿಮಾಡುವುದು. ನೀನು ಕೆಲಸ ಕಲಿತಾಗಿನಿಂದ ನಡೆದುಬಂದದ್ದೇ ಇದು. ಫ್ಯಾನ್ ಬೆಲ್ಟಿನಲ್ಲಿ ಒರೆಸುವ ಬಟ್ಟೆ ಸಿಕ್ಕಿಕೊಂಡಿತು ಅಂತ ನೀನು ಕೈ ಹಾಕಿದೆ. ಅವರು ಸೆಲ್ಫ್ ಹೊಡೆದರು. ಬೆಲ್ಟಿಗೆ ಸಿಕ್ಕಿ ನಿನ್ನ ಎರಡು ಬೆರಳು ಮುರಿದವು. “ಹೊಡೀಬೇಡಣ್ಣ ಅಂದೆ, ಬೆಳಿಗ್ಗೆಯ ಸಿಟ್ಟಿಗೆ ಬೇಕಂತಲೇ ಹೊಡೆದ” ಅನ್ನುತ್ತೀಯ ನೀನು. “ಹೊಡಿಯಣ್ಣ ಅಂತ ನನ್ನ ಕಿವಿಯಾರೆ ಕೇಳಿದೀನಿ, ತನ್ನ ತಪ್ಪು ಮುಚ್ಕೊಳ್ಳೋಕೆ ನನ್ನ ತಲೆಗೆ ಕಟ್ತಿದಾನೆ” ಅನ್ನುತ್ತಾರೆ ಅವರು. ಆಸ್ಪತ್ರೆಯಲ್ಲಿ ಕೈಗೆ ಇಷ್ಟು ದಪ್ಪ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದಾಗ ನೀನು ನನ್ನನ್ನು ಕೇಳಿದೆ, “ಅತ್ತಿಗೆ, ನೀವು ಅಡಿಗೆಮನೇಲೇ ಇದ್ರಿ, ನಾನು ಬೇಡ ಅಂದಿದ್ದು ಕೇಳಿಸ್ಲಿಲ್ವಾ?” ನಲ್ಲಿ ಬಿಟ್ಟಿದ್ದೆ, ಏನೂ ಕೇಳಿಸಲಿಲ್ಲ ಅಂದೆ ನಾನು. ಆಸ್ಪತ್ರೆಯಿಂದ ನೀನು ಈ ಮನೆಗೆ ಬರದೆ ನೇರ ಬಸ್ ಹತ್ತಿದೆ. ಅವತ್ತಿನಿಂದ ಒಬ್ಬರ ಕಣ್ಣಿಗೆ ಇನ್ನೊಬ್ಬರು ಸುಳ್ಳುಗಾರರು. ಈಗ ಈ ವಾರ ಏನಾಯಿತು ಕೇಳು.

ಸೋಮವಾರ ಬೆಳಿಗ್ಗೆ ಸಂಗೀತದ ಟೀಚರ್ ಕಾರು ತಂದರು. ನಿನಗೆ ನೆನಪಿರಬೇಕು, ಬೀದಿಯ ಕೊನೆಯ ಮನೆಯವರು, ಮೂವತ್ತು ವರ್ಷದ ಹಸಿರು ಕಾರನ್ನು ಹಸುಗೂಸಿಗೆ ಸ್ನಾನ ಮಾಡಿಸುವ ಹಾಗೆ ತೊಳೆಯುವವರು. “ಟಿಕ್ ಟಿಕ್ ಅಂತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಜೋರು, ಬಿಸಿ ಆದ್ಮೇಲೂ ಪೂರ್ತಿ ಹೋಗಲ್ಲ. ಎಂಜಿನ್ ಎಷ್ಟು ಬೇಗ ತಿರುಗುತ್ತೋ ಅದರ ಸರಿಯಾಗಿ ಅರ್ಧ ಲಯ” ಅಂದರು. ನಿಮ್ಮಣ್ಣ ಕಾರಿನ ಕಡೆ ನೋಡದೆ ಟೀಚರ ಬಾಯನ್ನೇ ನೋಡುತ್ತಾ ನಿಂತಿದ್ದರು. ಇದೇನು ಈ ವಯಸ್ಸಿಗೆ ಅಂತ ನನಗೆ ಒಳಗೊಳಗೇ ನಗು ಬಂತು. ಅರ್ಧ ಲಯ ಅಂದಮೇಲೆ ಅದು ವಾಲ್ವ್ ಎತ್ತುವ ಟ್ಯಾಪೆಟ್ ಸದ್ದು ಅಂತ ಅವರಿಗೆ ನಿದ್ದೆಯಲ್ಲೂ ಗೊತ್ತು. ಡಿಪ್ ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಗುರುತಿಗಿಂತ ಕೆಳಗಿತ್ತು, ಡಾಂಬರಿನ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ಬದಲಾಯಿಸಿ, ಫಿಲ್ಟರ್ ಬದಲಾಯಿಸಿ ಅರ್ಧ ಗಂಟೆ ಎಂಜಿನ್ ಓಡಿಸಿದರು. ಆಮೇಲೆ ಬಾನೆಟ್ ಧಡ್ ಅಂತ ಮುಚ್ಚಿ, “ಹೋಯ್ತು, ಇನ್ನು ಹತ್ತು ವರ್ಷ ಚಿಂತೆ ಬಿಡಿ” ಅಂದರು.

ಹೋಗಿರಲಿಲ್ಲ. ನಾನು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ಜೋರಾಗಿ ಬಿಟ್ಟಿದ್ದರೂ ಆ ಟಿಕ್ ಟಿಕ್ ಕಿಟಕಿಯಿಂದ ಸ್ಪಷ್ಟವಾಗಿ ಒಳಗೆ ಬರುತ್ತಿತ್ತು. ಟೀಚರ್ “ಹಾಗೇ ಇದೆಯಲ್ಲ?” ಅಂದರು. ನಿಮ್ಮಣ್ಣನಿಗೆ ಎಲ್ಲಿತ್ತೋ ಕೋಪ, “ನಿಮ್ಮ ಕಿವಿಗೆ ಸಂಗೀತ ಜಾಸ್ತಿಯಾಗಿದೆ. ಎಂಜಿನ್ ಅಂದ್ಮೇಲೆ ಉಸಿರೂ ಬಿಡ್ಬಾರ್ದಾ?” ಅಂದುಬಿಟ್ಟರು. ಪಾಪ, ಟೀಚರ ಮುಖ ಇಷ್ಟೇ ಇಷ್ಟಾಯಿತು. “ಮುಂದಿನ ಮಂಗಳವಾರ ನಾಲ್ಕು ಮಕ್ಕಳನ್ನ ಪರೀಕ್ಷೆಗೆ ಕರ್ಕೊಂಡು ಹೋಗ್ಬೇಕು. ವಾದ್ಯಗಳನ್ನ ಬಸ್ಸಲ್ಲಿ ಹತ್ತಿಸಲ್ಲ. ದಾರೀಲಿ ಕೈ ಕೊಟ್ರೆ ಒಂದು ವರ್ಷ ಹೋಯ್ತು ಮಕ್ಕಳಿಗೆ” ಅಂತ ಮೆಲ್ಲಗೆ ಹೇಳಿ, ಕಾರನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು ಗುಂಡಾ. ಸದ್ದು ಕಿವಿಗೆ ಹೊಡೆಯುತ್ತಿದ್ದರೂ ಇಲ್ಲ ಅನ್ನುವುದೆಂದರೆ ಏನು ಅಹಂಕಾರ! ತಪ್ಪು ಒಪ್ಪದ ಇದೇ ಹಟ ನಿನ್ನನ್ನೂ ಮನೆ ಬಿಡಿಸಿತು ಅಂದುಕೊಂಡೆ. ರಾತ್ರಿ ಊಟಕ್ಕೆ ಬಡಿಸುವಾಗ ಒಂದು ಮಾತೂ ಆಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ ಟೀ ತೆಗೆದುಕೊಂಡು ಹೋದೆ. ಎಂಜಿನ್ ಓಡುತ್ತಿತ್ತು, ಅವರು ನನಗೆ ಬೆನ್ನು ಮಾಡಿ ಬಗ್ಗಿದ್ದರು. ಮರದ ಹಿಡಿಯ ಆ ಉದ್ದನೆಯ ಸ್ಕ್ರೂಡ್ರೈವರ್ ಗೊತ್ತಲ್ಲ, ತುದಿಯನ್ನು ಟ್ಯಾಪೆಟ್ ಕವರಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಸದ್ದು ಯಾವ ಸಿಲಿಂಡರಿನದು ಅಂತ ಹುಡುಕುವುದನ್ನು ನಿನಗೆ ಕಲಿಸಿದ್ದೂ ಅವರೇ. ಮಂಗಳವಾರ ಹಿಡಿ ಕಿವಿಯಲ್ಲಿರಲಿಲ್ಲ. ಹಲ್ಲಿನಲ್ಲಿತ್ತು. ಕಣ್ಣು ಮುಚ್ಚಿ, ಹಿಡಿಯನ್ನು ಬಿಗಿಯಾಗಿ ಕಚ್ಚಿಕೊಂಡು, ತುದಿಯನ್ನು ಇಂಚಿಂಚಾಗಿ ಸರಿಸುತ್ತಿದ್ದರು. “ಯಾಕ್ರೀ, ಮನೇಲಿ ತಿನ್ನೋಕೆ ಬೇರೇನೂ ಇಲ್ವಾ?” ಅಂದೆ. ತಿರುಗಲಿಲ್ಲ. ಇನ್ನೂ ಮುನಿಸು ಅಂದುಕೊಂಡು ಲೋಟವನ್ನು ಬೆಂಚಿನ ಮೇಲೆ ಕುಕ್ಕಿ ಬಂದೆ. ಅರ್ಧ ಗಂಟೆ ಬಿಟ್ಟು ಹೋದರೆ ಟೀ ಕೆನೆ ಕಟ್ಟಿ ಅಲ್ಲೇ ಇತ್ತು. ಕವರಿನ ಮೇಲೆ ಮೂರನೇ ಸಿಲಿಂಡರಿನ ಹತ್ತಿರ ಸೀಮೆಸುಣ್ಣದಲ್ಲಿ ಎರಡು ಗೀಟು ಎಳೆದಿದ್ದರು. ಹಿಂದಿನ ದಿನ ಸದ್ದೇ ಇಲ್ಲ ಅಂದ ಮನುಷ್ಯ ಈಗ ಸದ್ದಿನ ಮನೆ ನಂಬರನ್ನೇ ಬರೆದಿಟ್ಟಿದ್ದಾರಲ್ಲ ಅಂತ ತಲೆಬುಡ ಅರ್ಥವಾಗಲಿಲ್ಲ. ಕೇಳಿದರೆ “ನಿನ್ನೆ ನೋಡಿದ್ದು ಸಾಲದು” ಅಂದರು ಅಷ್ಟೆ.

ನೀನು ಹೋದ ಮೇಲೆ ಎರಡನೇ ಜೊತೆ ಕೈ ನನ್ನದೇ. ಅವರ ಹಳೆಯ ಶರ್ಟು, ಅವರ ದೊಡ್ಡ ಗ್ಲೌಸು ಹಾಕಿಕೊಂಡು ನಿಂತರೆ ಮಗಳು “ಅಮ್ಮ, ಥೇಟ್ ಚಿಕ್ಕಪ್ಪ” ಅನ್ನುತ್ತಾಳೆ. ಅವರು ವಾಲ್ವ್ ಒತ್ತುವ ರಾಕರ್ ಬಿಚ್ಚಿ, ಅದರ ಕೆಳಗಿನ ಪುಶ್ ರಾಡುಗಳನ್ನು ಎಳೆದಿಟ್ಟು, ಅಯಸ್ಕಾಂತದ ಕಡ್ಡಿಯಿಂದ ಒಂದೊಂದೇ ಟ್ಯಾಪೆಟ್ ಮೇಲೆತ್ತಿದರು. ನಾನು ಚಪ್ಪಲಿ ಡಬ್ಬಿಯ ಮುಚ್ಚಳದಲ್ಲಿ ಎಂಟು ತೂತು ಕೊರೆದು ನಂಬರು ಬರೆದು ಅದರಲ್ಲಿ ನಿಲ್ಲಿಸಿದೆ. ಯಾವುದು ಯಾವ ಗೂಡಿನಿಂದ ಬಂತೋ ಅದೇ ಗೂಡಿಗೆ ಹೋಗಬೇಕಂತಲ್ಲ. ನಿನಗೆ ಇದೆಲ್ಲ ಹೇಳುವುದು ತಾಯಿಗೆ ತವರಿನ ದಾರಿ ತೋರಿಸಿದಂತೆ, ಆದರೂ ಹೇಳುತ್ತೇನೆ, ಇಷ್ಟು ವರ್ಷ ಹೆಸರು ಕೇಳುತ್ತಿದ್ದ ವಸ್ತುವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. ಹೆಬ್ಬೆರಳು ಗಾತ್ರದ ಉಕ್ಕಿನ ಬಟ್ಟಲು, ಒಳಗೊಂದು ಪುಟ್ಟ ಪಿಸ್ಟನ್, ಅದರ ಕೆಳಗೊಂದು ಸ್ಪ್ರಿಂಗು. ಒಳಗೆ ಎಣ್ಣೆ ತುಂಬಿಕೊಂಡು ನಿಂತರೆ ಮೇಲೂ ಕೆಳಗೂ ಸಂದಿಲ್ಲ, ಸದ್ದಿಲ್ಲ. ಮೂರನೇ ಸಿಲಿಂಡರಿನ ಎರಡರಲ್ಲೂ ಗಸಿ ಗಟ್ಟಿಕಟ್ಟಿ ಪಿಸ್ಟನ್ ಅಲ್ಲಾಡುತ್ತಲೇ ಇರಲಿಲ್ಲ. ಸೀಮೆಸುಣ್ಣದ ಗೀಟು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಎಂಟನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆವು. ತಳ ಎಲ್ಲದರದ್ದೂ ನಯವಾಗಿತ್ತು, ಹೊಸದು ಬೇಕಾಗಲಿಲ್ಲ. ಆಮೇಲೆ ಹೊಸ ಎಣ್ಣೆಯಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೂ ಕಡ್ಡಿಯಿಂದ ಒತ್ತಿ ಒತ್ತಿ ಗಾಳಿ ಬಿಡಿಸಿದೆವು. ಆ ಕೆಲಸ ಮಾಡುತ್ತಾ ಅವರು ಹಳೆಯ ಜೋಕು ಹೇಳಿದರು, ನಾನೂ ನಕ್ಕೆ. ಬಹಳ ದಿನದ ಮೇಲೆ ಇಬ್ಬರೂ ಒಂದು ಮಧ್ಯಾಹ್ನ ಖುಷಿಯಾಗಿದ್ದೆವು.

ಆ ಖುಷಿಯ ವಿಷಯ ಸುಮ್ಮನೆ ಬರೆಯುತ್ತಿಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೋ. ನಿನ್ನೆ, ಬುಧವಾರ, ಎಲ್ಲ ವಾಪಸ್ ಜೋಡಿಸಿ ರಾಕರುಗಳನ್ನು ಒಂದೊಂದಾಗಿ ಸೆಟ್ ಮಾಡುವಾಗಲೂ ನಮ್ಮಿಬ್ಬರ ನಡುವೆ ಸಣ್ಣ ಮಾತಿನ ಜಗಳವೂ ಇರಲಿಲ್ಲ. ನಿನ್ನ ಕೈಗೆ ಪೆಟ್ಟಾದ ದಿನದಿಂದ ಯಾವ ಗಾಡಿಯ ಕೀಲಿಯನ್ನೂ ನಾನು ತಿರುಗಿಸುವುದಿಲ್ಲ. ಅದಕ್ಕೇ ಅವರು ಸೀಟಿನಲ್ಲಿ, ನಾನು ಬಾನೆಟ್ ಕೆಳಗೆ. ಎಂಜಿನ್ ಸ್ಟಾರ್ಟ್ ಆಗಬಾರದು ಅಂತ ಕಾಯಿಲ್ ವೈರು ತೆಗೆದಿಟ್ಟಿದ್ದರು. ನಾನು “ಹೊಡೀರಿ” ಅನ್ನುತ್ತೇನೆ, ಅವರು ಒಂದು ಸಲ ಸೆಲ್ಫ್ ಹೊಡೆಯುತ್ತಾರೆ, ರಾಕರ್ ಕೆಳಗಿಳಿದು ಮೇಲೆ ಬಂದರೆ ಸಾಕು ಅನ್ನುತ್ತೇನೆ, ಅವರು ಇಳಿದು ಬಂದು ನಟ್ಟು ಬಿಗಿಮಾಡಿ ಮತ್ತೆ ಹೋಗಿ ಕೂರುತ್ತಾರೆ. ಆರು ಮುಗಿಯಿತು. ಏಳನೆಯದಕ್ಕೆ ಅವರು ಹೋಗಿ ಕೂತ ಮೇಲೆ ನೋಡಿದರೆ, ಹದಿಮೂರರ ಸ್ಪ್ಯಾನರ್ ಜಾರಿ ಬೆಲ್ಟಿಗೂ ಪುಲ್ಲಿ ಚಕ್ರಕ್ಕೂ ನಡುವೆ ನಿಂತಿತ್ತು. ತೆಗೆಯೋಣ ಅಂತ ಕೈ ಹಾಕಿದೆ. ಕೈ ಹಾಕುವ ಮೊದಲೇ ಕೂಗಿದೆ, “ಹೊಡೀಬೇಡಿ” ಅಂತ. ಮೆಲ್ಲಗಲ್ಲ, ಪಕ್ಕದ ಮನೆಗೆ ಕೇಳುವ ಹಾಗೆ.

ಅವರು ಹೊಡೆದರು.

ಗ್ಲೌಸು ಹೋಯಿತು, ಕೈ ಉಳಿಯಿತು. ಅಷ್ಟೇ ಬರೆಯುತ್ತೇನೆ. ಅವರ ಗ್ಲೌಸು ನನಗೆ ಸಡಿಲ ಅಂತ ದಿನಾ ಬೈದುಕೊಳ್ಳುತ್ತಿದ್ದೆ, ಸಡಿಲ ಇದ್ದದ್ದರಿಂದಲೇ ಬೆರಳು ಹೊರಗೆ ಬಂದವು. ಉಗುರಿನ ಪಕ್ಕ ಸ್ವಲ್ಪ ತರಚಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ನಾನು ಕಿಟಾರನೆ ಕಿರುಚಿದೆ. ಗುಂಡಾ, ಸೀಟಿನಿಂದ ಅವರ ದನಿ ಬಂತು, ನಗುನಗುತ್ತಾ, “ಆಯ್ತಾ? ಇನ್ನೊಂದ್ಸಲ ಹೊಡೀಲಾ?” ಅಂತ.

ಬಾನೆಟ್ ಹಿಡಿದುಕೊಂಡೇ ಪಕ್ಕಕ್ಕೆ ಬಂದೆ. ಅವರ ಕೈ ಇನ್ನೂ ಕೀಲಿಯ ಮೇಲಿತ್ತು, ನನ್ನ ಮುಖ ನೋಡಿ ಅವರ ಮುಖ ಬಿಳಿಚಿಕೊಂಡಿತು. “ಏನಾಯ್ತೇ?” ಅಂದರು. ಬೇಕಂತಲೇ ಮಾಡಿದವರ ಮುಖ ಅಲ್ಲ ಅದು. ನನ್ನ ಮೇಲೆ ಅವರಿಗೆ ಯಾವ ಸಿಟ್ಟೂ ಇರಲಿಲ್ಲ. ಹಾಗಾದರೆ ಯಾಕೆ ಹೊಡೆದರು? ಅಲ್ಲಿ ನಿಂತಲ್ಲೇ ಎರಡು ವರ್ಷದ ಒಂದೊಂದು ವಿಷಯವೂ ನೆನಪಾಗತೊಡಗಿತು. ಟೀಚರ ಬಾಯನ್ನೇ ನೋಡಿದ್ದು. ಹಲ್ಲಿನಲ್ಲಿ ಕಚ್ಚಿದ ಸ್ಕ್ರೂಡ್ರೈವರು. ಮಗಳಿಗೆ ದಿನಾ “ನನ್ನ ಮುಖ ನೋಡ್ಕೊಂಡು ಮಾತಾಡು” ಅನ್ನುವುದು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ನನ್ನ ಕಂಡರೆ ತಾತ್ಸಾರ ಅಂತ ನಾನು ಎಷ್ಟು ಸಲ ಜಗಳ ತೆಗೆದಿದ್ದೇನೋ ಲೆಕ್ಕವಿಲ್ಲ. ಎಲ್ಲಕ್ಕೂ “ಹೂಂ” ಅನ್ನುತ್ತಿದ್ದರು, ನಾನು ಅದನ್ನು ಉಡಾಫೆ ಅಂದುಕೊಂಡಿದ್ದೆ.

ಕೀಲಿ ಕಿತ್ತುಕೊಂಡು ಶರ್ಟಿನ ಜೇಬಿಗೆ ಹಾಕಿಕೊಂಡೆ. “ಅಲ್ಲೇ ಕೂತಿರಿ. ನಾನು ಮುಂದೆ ನಿಂತು ಏನು ಹೇಳ್ತೀನೋ ಹಾಗೇ ತಿರುಗಿ ಹೇಳಿ” ಅಂದೆ. “ಏನು ಹುಡುಗಾಟ ಇದು” ಅಂದರು, ಆದರೂ ಕೂತರು. ಬಾನೆಟ್ ಎತ್ತಿಯೇ ಇತ್ತು, ಅದರ ಹಿಂದೆ ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಹತ್ತು ಸಲ ಹೇಳಿದೆ. ನಾಲ್ಕು ಸಲ “ಹೊಡೀರಿ”, ಆರು ಸಲ “ಹೊಡೀಬೇಡಿ”, ಹಿಂದೆ ಮುಂದೆ ಮಾಡಿ. ಅವರು ಹತ್ತು ಸಲವೂ “ಹೊಡೀರಿ” ಅಂದರು. ಒಂದು ಸಲವೂ ಅನುಮಾನ ಪಡಲಿಲ್ಲ, ಮಗ್ಗಿ ಒಪ್ಪಿಸುವ ಹಾಗೆ ಗಟ್ಟಿಯಾಗಿ ಅಂದರು. ಆಮೇಲೆ ನಾನು ಕಿಟಕಿಯ ಹತ್ತಿರ ಬಂದು, ಅವರ ಎದುರಿಗೆ ಮುಖ ಹಿಡಿದು, ಅಷ್ಟೇ ದನಿಯಲ್ಲಿ “ಹೊಡೀಬೇಡಿ” ಅಂದೆ. “ಹೊಡೀಬೇಡಿ” ಅಂದರು. ಅಂದವರು ಹಾಗೇ ನನ್ನ ಬಾಯನ್ನು ನೋಡುತ್ತಾ ಕೂತುಬಿಟ್ಟರು.

ಎಂಥ ಪದ ನೋಡು ಇದು! ನಮ್ಮ ಗ್ಯಾರೇಜಿನಲ್ಲಿ ದಿನಕ್ಕೆ ನೂರು ಸಲ ಆಡುವ ಪದ. ಹೊಡೀರಿ, ಹೊಡೀಬೇಡಿ. ಹೊಡಿಯಣ್ಣ, ಹೊಡೀಬೇಡಣ್ಣ. ಎರಡಕ್ಕೂ ತಲೆ ಒಂದೇ, ಬಾಲ ಒಂದೇ. ಜೀವ ಉಳಿಸುವ ಆ ಒಂದು ‘ಬೇಡ’ ನಡುವೆ ಹೂತುಕೊಂಡು ಕೂತಿದೆ. ಮುಖ ಕಂಡರೆ ಅವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಬಾನೆಟ್ ಎತ್ತಿದರೆ ಮುಖ ಮುಚ್ಚಿಹೋಗುತ್ತದೆ, ಆಗ ಅವರ ಮಂದ ಕಿವಿಗೆ ತಲೆ ಬಾಲ ಕೇಳಿಸುತ್ತದೆ, ನಡುವಿನದು ಬಿದ್ದುಹೋಗುತ್ತದೆ. ಬೇರೆ ಮನೆಯಲ್ಲಿ ‘ತಡಿ’ ಅಂತಲೋ ‘ನಿಲ್ಲು’ ಅಂತಲೋ ಹೇಳುತ್ತಿದ್ದರೇನೋ. ನಮ್ಮ ಮಾವನವರ ಕಾಲದಿಂದ ಈ ಗ್ಯಾರೇಜಿನಲ್ಲಿ ಇದೇ ಎರಡು ಪದ, ಬದಲಾಯಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಅವರು ಕಾರಿನಿಂದ ಇಳಿದರು. ಕಿವಿ ಮಂದವಾದದ್ದು ಅವರಿಗೆ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ. ಕಿವುಡ ಮೆಕ್ಯಾನಿಕ್ ಹತ್ತಿರ ಯಾರು ಕಾರು ತರುತ್ತಾರೆ ಅಂತ ಹೆದರಿ ಮುಚ್ಚಿಟ್ಟಿದ್ದರು, ನನ್ನಿಂದಲೂ. ಕಿವಿಗೆ ಸಿಗದ ಸದ್ದಿನ ಅದುರನ್ನು ಹಲ್ಲಿನಿಂದ ಹಿಡಿದದ್ದೂ ಅದಕ್ಕೇ. ನೆಲ ನೋಡಿಕೊಂಡು ಕೇಳಿದರು, “ಹಾಗಾದ್ರೆ ಅವತ್ತು ಅವನೂ ಬೇಡ ಅಂದಿದ್ನಾ?” ಉತ್ತರಕ್ಕೆ ನನ್ನ ಮುಖ ನೋಡಲೇಬೇಕಲ್ಲ, ತಲೆ ಎತ್ತಿದರು. ಅಂದಿದ್ದ ಅಂದೆ. “ನಿಂಗೆ ಹೇಗೆ ಗೊತ್ತು?” ಅಂದರು.

ಅವರಿಗೆ ಹೇಳಿದ್ದನ್ನೇ ಈಗ ನಿನಗೂ ಹೇಳುತ್ತೇನೆ. ನನಗೆ ಕೇಳಿಸಿತ್ತು ಗುಂಡಾ. ಅವತ್ತು ನಲ್ಲಿ ಬಿಟ್ಟಿದ್ದೆ, ಆದರೂ ನೀನು ಹೊಡೀಬೇಡಣ್ಣ ಅಂದದ್ದು ಒಂದಕ್ಷರ ಬಿಡದೆ ಕೇಳಿಸಿತ್ತು. ನೀನು ಆಸ್ಪತ್ರೆಯಲ್ಲಿ ಕೇಳಿದಾಗ ಸುಳ್ಳು ಹೇಳಿದೆ. ಬೆಳಿಗ್ಗೆಯಿಂದ ನಿಮ್ಮ ಜಗಳ ಕೇಳಿದ್ದೆನಲ್ಲ, ಕೋಪದಲ್ಲಿ ಇವರು ಬೇಕಂತಲೇ ಹೊಡೆದರು ಅಂತ ನಾನೂ ನಂಬಿದೆ. ಹೌದು ಕೇಳಿಸಿತು ಅಂದರೆ ನನ್ನ ಗಂಡ ತಮ್ಮನ ಕೈ ಮುರಿದವನಾಗುತ್ತಾನೆ, ನನ್ನ ಮಗಳು ಅಂಥವನ ಮಗಳಾಗುತ್ತಾಳೆ ಅಂತ ಹೆದರಿದೆ. ಸುಮ್ಮನಿದ್ದರೆ ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಅವತ್ತೇ ನಿಜ ಹೇಳಿದ್ದರೆ ಅವರು “ನೀನೂ ಕೇಳಿದ್ಯಾ? ನನಗ್ಯಾಕೆ ಕೇಳಿಸ್ಲಿಲ್ಲ?” ಅಂತ ಯೋಚನೆ ಮಾಡುತ್ತಿದ್ದರು, ಎರಡು ವರ್ಷದ ಹಿಂದೆಯೇ ಕಿವಿ ತೋರಿಸಿಕೊಳ್ಳುತ್ತಿದ್ದರು, ನೀನು ಇಲ್ಲೇ ಇರುತ್ತಿದ್ದೆ. ನೀವಿಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರ ಅಂದುಕೊಂಡಿರಿ. ಇಬ್ಬರೂ ಹೇಳಿದ್ದು ನಿಜವೇ. ಸುಳ್ಳು ಹೇಳಿದವಳು ಈ ಮನೆಯಲ್ಲಿ ನಾನೊಬ್ಬಳೇ.

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಎರಡು ವರ್ಷ ನನ್ನನ್ನ ಅಂಥವನು ಅಂದ್ಕೊಂಡೇ ಊಟಕ್ಕೆ ಬಡಿಸ್ದ್ಯಾ?” ಅಂತ ಕೇಳಿದರು. ಹೂಂ ಅಂದೆ. ಹೋಗಿ ಬೆಂಚಿನ ಮೇಲೆ ಕೂತು ತಮ್ಮ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಅತ್ತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ, ನಿನಗೂ ಗೊತ್ತಿರಲಾರದು. ನಾನು ಪಕ್ಕದಲ್ಲಿ ಕೂತೆ. ಮುಟ್ಟಲು ಧೈರ್ಯ ಬರಲಿಲ್ಲ.

ಇವತ್ತು ಬೆಳಿಗ್ಗೆ ಉಳಿದ ಎರಡು ರಾಕರುಗಳನ್ನು ಎಂಜಿನ್ ಕೈಯಲ್ಲೇ ತಿರುಗಿಸಿ ಸೆಟ್ ಮಾಡಿ, ಕವರು ಮುಚ್ಚಿ, ಕಾಯಿಲ್ ವೈರು ಹಾಕಿದರು. ಕೀಲಿ ಮಾತ್ರ ಮುಟ್ಟಲಿಲ್ಲ. ಸ್ಟಾರ್ಟ್ ಮಾಡಿ ನೋಡದೆ ಸದ್ದು ಹೋಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ನಾನು ಕೇಳಿ ಹೇಳುತ್ತೇನೆ ಅಂದೆ. “ನೀನು ಕೇಳಿದ್ದನ್ನ ಹೇಳೋದು ಎಷ್ಟು ವರ್ಷಕ್ಕೋ” ಅಂದರು. ಬೇಕಿತ್ತು ನನಗೆ. ಟೀಚರ್ ಬಂದರು. ಅವರಿಗೆ ನಿಮ್ಮಣ್ಣ ತಾವಾಗಿಯೇ ಹೇಳಿದರು, “ನಿಮ್ಮ ಕಿವಿ ಸರಿಯಾಗಿತ್ತು. ಕೆಟ್ಟಿರೋದು ನನ್ನದು” ಅಂತ. ಟೀಚರ್ ಅವರ ಎದುರಿಗೆ ಸರಿಯಾಗಿ ನಿಂತು, ನಿಧಾನವಾಗಿ ತುಟಿ ಬಿಡಿಸಿ, “ಸೋಮವಾರ ಸಂಜೆಯೊಳಗೆ ಕೊಟ್ರೆ ಸಾಕು” ಅಂದರು. ಬೇರೆ ಮೆಕ್ಯಾನಿಕ್ ಹತ್ತಿರ ಎಳೆಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಆಗಿನಿಂದ ಕಾರು ಹಾಗೇ ನಿಂತಿದೆ. ನಿಮ್ಮಣ್ಣ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ರಸ್ತೆಗೆ ಬೆನ್ನು ಮಾಡಿ ಕೂತಿದ್ದಾರೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಬಾ ಅಂತ ಕರೆಯುವ ಬಾಯಿ ನನಗಿಲ್ಲ. ನಿನ್ನ ಬೆರಳುಗಳನ್ನು ನಾನು ಮೊದಲಿನ ಹಾಗೆ ಮಾಡಲಾರೆ, ಎರಡು ವರ್ಷವನ್ನು ವಾಪಸ್ ಕೊಡಲಾರೆ. ನನ್ನ ಮೇಲೆ ಸಿಟ್ಟು ಮಾಡಿಕೋ, ಎಷ್ಟು ಬೇಕಾದರೂ ಮಾಡಿಕೋ, ಅದು ನನಗೆ ಸಲ್ಲಬೇಕಾದ್ದೇ. ನಿಮ್ಮಣ್ಣನ ಮೇಲಿನದನ್ನು ಮಾತ್ರ ಇವತ್ತಿಗೆ ಇಳಿಸು. ಆ ಸಿಟ್ಟಿಗೆ ಬುಡವೇ ಇರಲಿಲ್ಲ. ಮಗಳು ಚಿಕ್ಕಪ್ಪನನ್ನು ಕೇಳಿದೆ ಅಂತ ಬರೆ ಅಂದಿದ್ದಾಳೆ, ಗುಂಡಗಿನ ಅಕ್ಷರದಲ್ಲಿ ತಾನೇ ಒಂದು ಸಾಲು ಬರೆಯುತ್ತೇನೆ ಅಂದವಳು ಇನ್ನೂ ಶಾಲೆಯಿಂದ ಬಂದಿಲ್ಲ. ಹೊಟ್ಟೆ ತುಂಬಾ ಉಣ್ಣು, ಕೈ ಬೆಚ್ಚಗಿಟ್ಟುಕೋ. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ತಪ್ಪಿತಸ್ಥೆ,
ಅತ್ತಿಗೆ

ಆಮೇಲೆ ಸೇರಿಸಿದ್ದು: ಲಕೋಟೆ ಭಾರವಾಗಿದೆ ಅಂತ ಗಾಬರಿಯಾಗಬೇಡ. ಗೋಂದು ಹಚ್ಚುವಾಗ ನಿಮ್ಮಣ್ಣ ಒಳಗೆ ಬಂದರು. ಬಚ್ಚಿಡಲು ಹೊತ್ತು ಸಿಗಲಿಲ್ಲ, ಬಚ್ಚಿಟ್ಟು ಸಾಕೂ ಆಗಿದೆ. “ಅವನಿಗಾ?” ಅಂದರು. ಹೌದು ಅಂದೆ. ಓದಲು ಕೇಳಲಿಲ್ಲ. ಟೀಚರ ಕಾರಿನ ಕೀಲಿಯನ್ನು ಗೂಟದಲ್ಲಿದ್ದ ಆ ಹಳೆಯ ಶರ್ಟಿನ ಜೇಬಿನಿಂದ ತೆಗೆದು ತಾವೇ ಲಕೋಟೆಯೊಳಗೆ ಹಾಕಿದರು. ಇನ್ನೊಂದು ಕೀಲಿ ಕಳೆದುಹೋಗಿ ಹತ್ತು ವರ್ಷವಾಯಿತಂತೆ, ಇರುವುದು ಇದೊಂದೇ, ಟೀಚರಿಗೆ ಇನ್ನೂ ಹೇಳಿಲ್ಲ. ಸೋಮವಾರ ಸಂಜೆ ಗಡುವು. ಹುಚ್ಚಾ ನಿಮಗೆ ಅಂದೆ. ಅದಕ್ಕೆ ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ: “ಈ ಸಲ ಬಾನೆಟ್ ಕೆಳಗೆ ಕೈ ಇಡೋನು ನಾನು, ಕೀಲಿ ಹಿಡಿಯೋನು ಅವನು. ಹೊಡೀಬೇಕೋ ಬೇಡ್ವೋ ಅವನಿಗೇ ಬಿಟ್ಟಿದ್ದು ಅಂತ ಬರಿ.”